ಐರ್ಲೆಂಡಿಗೆ ಹೋದ ಪಂಚ

ಹೊರಡುವ ಮುಂಚೆ

ನನ್ನದು ಜೆರಾಕ್ಸ್ ಅಂಗಡಿ. ಮೂಡಿಗೆರೆಯಿಂದ ಕಳಸದ ಕಡೆಗೆ ಹೋಗುವ ರಸ್ತೆಯ ಒಂದು ಸಣ್ಣ ಪೇಟೆಯಲ್ಲಿದೆ. ಪೇಟೆಯ ಹೆಸರು ಬೇಡ. ಮುಂದೆ ಓದಿದರೆ ಯಾಕೆಂದು ನಿಮಗೇ ತಿಳಿಯುತ್ತದೆ. ಅಂಗಡಿಯ ಎದುರಿಗೇ ಪೊಲೀಸ್ ಠಾಣೆ. ನಡುವೆ ಒಂದು ರಸ್ತೆ, ಒಂದು ಚರಂಡಿ. ಇಷ್ಟು ಹತ್ತಿರವಿರುವ ತಪ್ಪಿಗೆ ನಾನು ಇಪ್ಪತ್ತೆರಡು ವರ್ಷಗಳಿಂದ ಪಂಚ.

ಪಂಚ ಅಂದರೆ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಪೊಲೀಸರು ಕದ್ದ ಮಾಲು ಹಿಡಿದರೆ ಅದನ್ನು ಎಲ್ಲಿ, ಹೇಗೆ, ಯಾರ ಕೈಯಿಂದ ಹಿಡಿದೆವು ಎಂದು ಬರೆಯಬೇಕು. ಅದಕ್ಕೆ ಮಹಜರು ಎನ್ನುತ್ತಾರೆ. ಊರಿನ ಇಬ್ಬರು ಮರ್ಯಾದಸ್ಥರು ಜೊತೆಗೆ ನಿಂತು, ಕಣ್ಣಾರೆ ನೋಡಿ, ಕೆಳಗೆ ಸಹಿ ಹಾಕಬೇಕು. ಆ ಇಬ್ಬರೇ ಪಂಚರು. ಕಾನೂನು ಹೇಳುವುದು ಇದು. ನಡೆಯುವುದು ಏನೆಂದರೆ, ಹೆಡ್ ಕಾನ್ಸ್‌ಟೇಬಲ್ ತಿಮ್ಮಪ್ಪನವರು ಬರೆದು ಮುಗಿಸಿದ ಮಹಜರು ಹಿಡಿದುಕೊಂಡು ರಸ್ತೆ ದಾಟಿ ಬರುತ್ತಾರೆ.

"ನಾಗೇಶಣ್ಣ, ಮೂರು ಕಾಪಿ ಹೊಡೀರಿ. ಹಂಗೇ ಕೆಳಗೊಂದು ಸಹಿ ಹಾಕ್ಬಿಡಿ."

ನಾನು ಹಾಕಿಬಿಡುತ್ತೇನೆ. ಹೀಗೆ ನಾನು ಎಂದೂ ಹತ್ತದ ಗುಡ್ಡಗಳಲ್ಲಿ, ಕಾಲಿಡದ ಎಸ್ಟೇಟುಗಳಲ್ಲಿ ಎಷ್ಟೋ ಜಪ್ತಿಗಳು ನನ್ನ ಸಮಕ್ಷಮ ನಡೆದಿವೆ. ಕಾಗದದ ಪ್ರಕಾರ ನಾನು ಒಂದು ಸಲ ಬೆಳಿಗ್ಗೆ ಹತ್ತು ಗಂಟೆಗೆ ಎರಡು ತೋಟಗಳಲ್ಲಿ ಒಟ್ಟಿಗೇ ನಿಂತಿದ್ದೆ.

ಈಚೆಗೆ ದಂಡ ಸಂಹಿತೆ ಹೋಗಿ ನ್ಯಾಯ ಸಂಹಿತೆ ಬಂತಲ್ಲ, ಆಗ ಯಾರೋ ವಕೀಲರು ಎಡಗಡೆ ಹಳೆಯ ಸೆಕ್ಷನ್, ಬಲಗಡೆ ಹೊಸ ಸೆಕ್ಷನ್ ಇರುವ ಪಟ್ಟಿಯೊಂದನ್ನು ಜೆರಾಕ್ಸಿಗೆ ತಂದರು. ಅದರ ಕಾಪಿಯನ್ನು ಠಾಣೆಯವರು ಒಯ್ದರು, ವಕೀಲರು ಒಯ್ದರು, ಒಂದಿಬ್ಬರು ಹಳೇ ಆರೋಪಿಗಳೂ ಒಯ್ದರು. ವಂಚನೆಯ ನಾನೂರ ಇಪ್ಪತ್ತು ಈಗ ಮುನ್ನೂರ ಹದಿನೆಂಟಾಗಿದೆ. ಆದರೆ ನಮ್ಮ ಪೇಟೆಯಲ್ಲಿ ಯಾರೂ ಯಾರಿಗೂ "ಲೋ ಮುನ್ನೂರ ಹದಿನೆಂಟು" ಎಂದು ಬೈದದ್ದನ್ನು ನಾನಂತೂ ಕೇಳಿಲ್ಲ.

ಇಂಥ ನಾನು ಐರ್ಲೆಂಡಿಗೆ ಹೊರಟದ್ದು ಹೆಂಡತಿಯ ತಂಗಿಯ ಮೊಣಕಾಲಿನಿಂದ. ಪ್ರಮೀಳಾ ಅಲ್ಲಿನ ಒಂದು ವೃದ್ಧಾಶ್ರಮದಲ್ಲಿ ನರ್ಸು. ಒಬ್ಬಳೇ ಇದ್ದಾಳೆ. ಮೊಣಕಾಲಿನ ಆಪರೇಷನ್ ಆಯಿತು, ಒಂದು ತಿಂಗಳು ಅಕ್ಕ ಬಂದು ಜೊತೆಗಿರಲಿ ಎಂದಳು. ಸರೋಜ ಅಕ್ಕನಾಗಿ ಹೊರಟಳು. ನಾನು ಲಗೇಜಿನ ಜೊತೆ ಹೊರಟೆ.

ಪಾಸ್‌ಪೋರ್ಟಿಗೆ ಪೊಲೀಸ್ ವಿಚಾರಣೆ ಆಗಬೇಕಿತ್ತು. ಬಂದವರು ತಿಮ್ಮಪ್ಪನವರೇ. ಸ್ಟೂಲಿನ ಮೇಲೆ ಕೂತು ತಲೆ ಕೆರೆದುಕೊಂಡರು.

"ನಿಮ್ಮ ಗುಣನಡತೆಗೆ ಇಬ್ರು ಸಾಕ್ಷಿ ಬೇಕಲ್ಲ ಮಾರಾಯ್ರೆ. ಇಡೀ ಊರಿಗೆ ನೀವೇ ಸಾಕ್ಷಿ. ನಿಮಗೆ ಯಾರನ್ನ ತರೋದು?"

ಡಬ್ಲಿನ್ ವಿಮಾನ ನಿಲ್ದಾಣ

ಸೂಟ್‌ಕೇಸ್ ಎಳೆದುಕೊಂಡು ಹೊರಗೆ ಬರುವಾಗ ಕಸ್ಟಮ್ಸಿನ ಒಬ್ಬ ಅಧಿಕಾರಿ ನಮ್ಮನ್ನು ಪಕ್ಕಕ್ಕೆ ಕರೆದ. ಎತ್ತರದ ಆಳು, ಕೆಂಪು ಗಡ್ಡ. ಒಳಗೆ ಏನಿದೆ ಎಂದು ನಗುತ್ತಾ ಕೇಳಿದ. ಸರೋಜ ಬಾಯಿ ತೆರೆಯುವ ಮುಂಚೆ ನನ್ನ ಅಭ್ಯಾಸಬಲ ಮುಂದೆ ಬಂತು. ಮಹಜರಿನ ಧಾಟಿಯಲ್ಲೇ ಶುರುಮಾಡಿದೆ. ಒಂದನೆಯದು, ನೀಲಿ ಬಣ್ಣದ ಸೂಟ್‌ಕೇಸು, ಹಿಡಿ ಸಡಿಲ. ಅದರೊಳಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಹಲಸಿನ ಹಪ್ಪಳದ ಕಟ್ಟು. ಎರಡನೆಯದು, ಕಾಫಿ ಪುಡಿ. ಮೂರನೆಯದು, ಮುಚ್ಚಳಕ್ಕೆ ಬಟ್ಟೆ ಕಟ್ಟಿದ ತುಪ್ಪದ ಬಾಟಲಿ. ಇಂಗ್ಲಿಷಿನಲ್ಲಿ ನನಗೆ ಬಂದಷ್ಟು ಹೇಳಿದೆ. ಅವನು ಎಲ್ಲವನ್ನೂ ಕೇಳಿ ತುಪ್ಪದ ಹತ್ತಿರ ನಿಂತ. ಹಾಲಿನ ಪದಾರ್ಥ ಈ ದೇಶದೊಳಗೆ ತರುವ ಹಾಗಿಲ್ಲವಂತೆ. "ಸಾರಿ" ಎಂದು ಬಾಟಲಿ ಎತ್ತಿ ಹಿಂದಿದ್ದ ಡಬ್ಬಿಗೆ ಹಾಕಿದ.

ಸರೋಜ ಜಾವಳಿಯ ಅತ್ತಿಗೆಯ ಮನೆಯಿಂದ ಹೇಳಿ ಮಾಡಿಸಿದ ತುಪ್ಪ ಅದು. ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ. ನನಗೆ ಆಶ್ಚರ್ಯವಾದದ್ದು ಬೇರೆ. ಪಂಚರನ್ನು ಕರೆಯಲಿಲ್ಲ, ಬಾಟಲಿಗೆ ಅರಗು ಹಚ್ಚಲಿಲ್ಲ, ನನ್ನ ಸಹಿ ಕೇಳಲಿಲ್ಲ. ಎಲ್ಲಿ ಸಹಿ ಹಾಕಲಿ ಎಂದು ನಾನೇ ಪೆನ್ನು ತೆಗೆದೆ. ಏನಕ್ಕೆ ಎಂದು ಅವನು ಕೇಳಿದ.

"ತುಪ್ಪ ಹೋದ್ರೂ ಸಹಿ ಹಾಕೋ ಚಟ ಹೋಗಲ್ಲ ನಿಮಗೆ" ಎಂದಳು ಸರೋಜ. ಡಬ್ಲಿನ್ನಿನಿಂದ ಪ್ರಮೀಳಾಳ ಊರಿಗೆ ಮೂರು ಗಂಟೆ ಬಸ್ಸು. ಅಷ್ಟು ದಾರಿಗೂ ಸರೋಜ ಆಡಿದ ಮಾತು ಅದೊಂದೇ.

ಪ್ರಮೀಳಾಳ ಊರು

ಊರು ನಮ್ಮ ಪೇಟೆಯಷ್ಟೇ. ಮಳೆಯೂ ನಮ್ಮದರ ಹಾಗೇ ಹೇಳದೆ ಕೇಳದೆ ಬರುತ್ತದೆ. ಆದರೆ ನಮ್ಮ ಮಳೆಗೆ ಒಂದು ಗತ್ತಿದೆ, ಬಂದರೆ ಹೆಂಚು ಹಾರಿಹೋಗುವ ಹಾಗೆ ಬರುತ್ತದೆ. ಅಲ್ಲಿನದು ಯಾರೋ ಮೇಲೆ ನಿಂತು ಒದ್ದೆ ಬಟ್ಟೆ ಕೊಡವಿದ ಹಾಗೆ. ಅದಕ್ಕೇ ಆ ಜನ ದಿನಕ್ಕೆ ಹತ್ತು ಸಲ "ಎಂಥಾ ಹವಾಮಾನ" ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ದಾರಿಯಲ್ಲಿ ಸಿಕ್ಕ ಅಪರಿಚಿತರೂ ತಲೆಯನ್ನು ಒಂದು ಪಕ್ಕಕ್ಕೆ ಕುಣಿಸಿ ನಮಸ್ಕಾರ ಮಾಡುತ್ತಾರೆ. ಮೊದಲ ದಿನ ನಾನು ಅವರಿಗೆ ಕತ್ತು ಉಳುಕಿದೆ ಎಂದುಕೊಂಡೆ.

ಬೆಳಿಗ್ಗೆ ಎಂಟಕ್ಕೆ ಶಟರ್ ಎತ್ತಿ ಅಭ್ಯಾಸವಾದ ಮನುಷ್ಯನಿಗೆ ಬೇರೆಯವರ ಮನೆಯ ಸೋಫಾ ಮೇಲೆ ಕೂತಿರುವುದು ಕಷ್ಟ. ನಾಲ್ಕನೆಯ ದಿನಕ್ಕೆ ನಾನು ಬೀದಿಯ ಮೂಲೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಹೋಗಿ ನಿಲ್ಲತೊಡಗಿದೆ. ಅಂಗಡಿಯ ಯಜಮಾನ ಪ್ಯಾಟ್, ಎಪ್ಪತ್ತರ ಹತ್ತಿರದವನು. ನಾನೂ ಅಂಗಡಿಯವನು ಎಂದಾಗ ಅವನಿಗೆ ಖುಷಿಯಾಯಿತು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಇಬ್ಬರೂ ಬಾಗಿಲಲ್ಲಿ ನಿಂತು ಮಳೆ ನೋಡುತ್ತಿದ್ದೆವು. ಅವನ ಇಂಗ್ಲಿಷು ನನಗೆ ಅರ್ಧ ತಿಳಿಯುತ್ತಿತ್ತು, ನನ್ನದು ಅವನಿಗೆ ಕಾಲುಭಾಗ. ಸ್ನೇಹಕ್ಕೆ ಅಷ್ಟು ಸಾಕಾಯಿತು.

ಹಾರ್ಡ್‌ವೇರ್ ಅಂಗಡಿ, ಒಂಬತ್ತನೆಯ ದಿನ

ಆ ದಿನ ಮಧ್ಯಾಹ್ನ ನಾನು ಅಂಗಡಿಯ ಮೂಲೆಯಲ್ಲಿ ಕೊಡೆ ಬಿಡಿಸಿ ನೋಡುತ್ತಿದ್ದೆ. ಪ್ಯಾಟ್ ಒಳಗಿನಿಂದ ಕೂಗಿಕೊಂಡ. ಯಾರೋ ಡ್ರಿಲ್ಲಿಂಗ್ ಮೆಷಿನ್ನಿನ ಪೆಟ್ಟಿಗೆ ಎತ್ತಿಕೊಂಡು ಓಡಿದ್ದ. ನಾನು ಕೊಡೆಯ ಹಿಂದಿನಿಂದ ಇಣುಕುವಷ್ಟರಲ್ಲಿ ಕಂಡದ್ದು ಇಷ್ಟು: ಬಾಗಿಲು ದಾಟುತ್ತಿದ್ದ ಒಂದು ಬೆನ್ನು, ಅದರ ಮೇಲೆ ಮಿಣಮಿಣ ಹೊಳೆಯುವ ಹಳದಿ ಜಾಕೆಟ್.

ಪ್ಯಾಟ್ ಹೊರಗೆ ಓಡಿದ, ಹಿಂದೆ ನಾನೂ ಓಡಿದೆ, ಕೊಡೆ ಬಿಚ್ಚಿಕೊಂಡೇ. ಬಸ್ ನಿಲ್ದಾಣದಲ್ಲಿ ಹಳದಿ ಜಾಕೆಟ್ಟಿನ ಒಬ್ಬ ನಿಂತಿದ್ದ. ಕಪ್ಪು ಕೂದಲು, ಕಂದು ಮೈಬಣ್ಣ, ಹೆಗಲಲ್ಲಿ ಚೀಲ. "ಅವನೇ!" ಎಂದ ಪ್ಯಾಟ್. ಐದು ನಿಮಿಷದಲ್ಲಿ ಪೊಲೀಸ್ ಕಾರು ಬಂತು. ಇಳಿದವಳು ಒಬ್ಬ ಹುಡುಗಿ, ಹೆಸರು ನೋರಾ. ಆ ಮನುಷ್ಯನ ಚೀಲದಲ್ಲಿ ಊಟದ ಡಬ್ಬಿ ಬಿಟ್ಟರೆ ಏನೂ ಇರಲಿಲ್ಲ. ಪೆಟ್ಟಿಗೆಯನ್ನು ಯಾರಿಗೋ ದಾಟಿಸಿರಬೇಕು ಎಂದ ಪ್ಯಾಟ್. ನೋರಾ ನನ್ನ ಕಡೆ ತಿರುಗಿ ನೀವೇನಾದರೂ ನೋಡಿದಿರಾ ಎಂದು ಕೇಳಿದಳು.

ಇಲ್ಲಿ ನನ್ನ ಮನಸ್ಸಿನ ಸ್ಥಿತಿ ಹೇಳಬೇಕು. ಪೊಲೀಸಿನವರು ಕೇಳಿದಾಗ "ಇಲ್ಲ" ಎಂದು ಹೇಳಿ ನನಗೆ ಗೊತ್ತೇ ಇಲ್ಲ. ಇಪ್ಪತ್ತೆರಡು ವರ್ಷದಲ್ಲಿ ಆ ಶಬ್ದವನ್ನು ನಾಲಿಗೆ ಮರೆತೇಬಿಟ್ಟಿತ್ತು.

"ಯೆಸ್ ಮೇಡಂ. ಸೇಮ್ ಪರ್ಸನ್" ಎಂದೆ.

"ಮುಖ ನೋಡಿದಿರಾ?"

"ಫುಲ್ ಫೇಸ್ ಮೇಡಂ. ವಿತ್ ಮೈ ಟೂ ಐಸ್."

ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ನಾನು ಪೆನ್ನು ತೆಗೆದು ಸಹಿ ಎಲ್ಲಿ ಎಂದು ಕೇಳಿದೆ. ತಾಳಿ ಎಂದು ಬರೆದದ್ದನ್ನೆಲ್ಲ ಓದಿ ಹೇಳಿದಳು, ಪ್ರತಿ ಸಾಲಿಗೂ ಸರಿಯೇ ಎಂದು ಕೇಳಿದಳು. ನನಗೆ ಮುಜುಗರವಾಯಿತು. ನನ್ನ ಮೇಲೆ ಇವಳಿಗೆ ನಂಬಿಕೆ ಇಲ್ಲವೇನೋ ಅನ್ನಿಸಿತು. ಕೊನೆಗೆ ಕನ್ನಡದಲ್ಲಿ ಸಹಿ ಹಾಕಿ, ಕೆಳಗೆ ತಂದೆಯ ಹೆಸರು, ವಯಸ್ಸು, ಕಸುಬು, ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ ಎಂದು ಬರೆದುಕೊಟ್ಟೆ. ಅಷ್ಟೆಲ್ಲ ಬೇಡ ಎಂದಳು. ಇರಲಿ ಎಂದೆ.

ಆ ಮನುಷ್ಯನನ್ನು ಕಾರಿನಲ್ಲಿ ಕೂರಿಸಿದರು. ಅವನು ಕಿರುಚಲಿಲ್ಲ, ಯಾರಿಗೂ ಬೈಯಲಿಲ್ಲ. ಕಾರು ನನ್ನನ್ನು ದಾಟುವಾಗ ಕಿಟಕಿಯಿಂದ ನನ್ನ ಮುಖ ನೋಡಿದ. ಅವನ ಮುಖವನ್ನು ನಾನು ಮೊದಲ ಸಲ ಸರಿಯಾಗಿ ನೋಡಿದ್ದು ಆಗ.

ಪ್ರಮೀಳಾಳ ಅಡಿಗೆಮನೆ

ಸಂಜೆ ಚಹಾದ ಹೊತ್ತಿಗೆ ನಾನು ವಿಷಯವನ್ನು ಸ್ವಲ್ಪ ಜಂಬದಲ್ಲೇ ಹೇಳಿದೆ. ಸರೋಜ ಹಪ್ಪಳ ಕರಿಯುತ್ತಿದ್ದಳು.

"ನೀವು ಮುಖ ನೋಡಿದ್ರಾ?"

"ಬೆನ್ನು ನೋಡಿದೆ."

"ಬೆನ್ನಲ್ಲಿ ಮುಖ ಇರುತ್ತಾ?"

ಕುರ್ಚಿಯ ಮೇಲೆ ಕಾಲು ಚಾಚಿ ಕೂತಿದ್ದ ಪ್ರಮೀಳಾ ಚಹಾ ಕೆಳಗಿಟ್ಟಳು. "ಭಾವ, ಆ ಜಾಕೆಟ್ಟು ಇಲ್ಲಿ ಅರ್ಧ ಊರಿಗಿದೆ. ಮಾಂಸದ ಕಾರ್ಖಾನೆಯಲ್ಲಿ ಕೆಲಸ ಮಾಡೋರೆಲ್ಲ ಹಾಕ್ಕೊಳ್ತಾರೆ. ಹೆಚ್ಚಿನವರು ಬ್ರೆಜಿಲ್‌ನವರು. ಕೇಸು ಬಿದ್ರೆ ಅವನ ಪರ್ಮಿಟ್ಟಿಗೇ ತೊಂದರೆ, ಗೊತ್ತಾ? ವಾಪಸ್ ಕಳಿಸಿದ್ರೂ ಕಳಿಸ್ಬಹುದು."

ಹಪ್ಪಳ ನನ್ನ ಕೈಯಲ್ಲೇ ಇತ್ತು. ಆಗ ನನಗೆ ನೆನಪಾದದ್ದು ಅಸ್ಸಾಮಿನ ಬಿನೋದ. ನಮ್ಮ ಕಡೆಯ ಒಂದು ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿದ್ದವನು. ಕಾನೂನು ಬದಲಾಗುವ ಮುಂಚಿನ ಮಾತು, ಒಣಹಾಕಿದ್ದ ಕಾಳುಮೆಣಸಿನ ಮೂಟೆ ಕಳುವಾಯಿತು. ನಮ್ಮಲ್ಲಿ ಏನು ಕಳುವಾದರೂ ಈಗ ಮೊದಲು ಅಸ್ಸಾಮಿನವರ ಚೀಲ ಬಿಚ್ಚಿಸುತ್ತಾರೆ. ಅವನ ಮಂಚದ ಕೆಳಗೆ ಮೂಟೆ ಸಿಕ್ಕಿತು ಎಂಬ ಮಹಜರಿಗೆ ನಾನು ಸಹಿ ಹಾಕಿದ್ದೆ. ಮಂಚ ನೋಡಿರಲಿಲ್ಲ, ಮೂಟೆಯನ್ನೂ ನೋಡಿರಲಿಲ್ಲ. ಬಿನೋದನನ್ನು ನೋಡಿದ್ದು ಅವನ ಆಧಾರ್ ಕಾರ್ಡಿನ ಜೆರಾಕ್ಸ್ ತೆಗೆಯುವಾಗ, ಅದೂ ಕಪ್ಪು ಬಿಳುಪಿನಲ್ಲಿ. ಅವನು ಜಾಮೀನಿಗೆ ಜನ ಸಿಗದೆ ಎರಡು ತಿಂಗಳು ಒಳಗಿದ್ದ ಎಂದು ಆಮೇಲೆ ಯಾರೋ ಹೇಳಿದ್ದರು. ನಾನು "ಹೌದಾ" ಎಂದು ಮೆಷಿನ್ನಿಗೆ ಕಾಗದ ತುಂಬಿಸಿದ್ದೆ.

"ನಾಳೆ ಬೆಳಿಗ್ಗೆ ಠಾಣೆಗೆ ಹೋಗ್ತೀನಿ" ಎಂದೆ.

"ನಾನೂ ಬರ್ತೀನಿ" ಎಂದಳು ಸರೋಜ. "ನೀವೊಬ್ರೇ ಹೋದ್ರೆ ಇನ್ನೊಂದಕ್ಕೆ ಸಹಿ ಹಾಕಿ ಬರ್ತೀರಿ."

ಆ ಊರಿನ ಠಾಣೆ

ಠಾಣೆ ನೋಡಿದರೆ ಅಂಚೆ ಕಚೇರಿ ಎನ್ನಬೇಕು. ಕಳೆದುಹೋದ ನಾಯಿಯ ಚಿತ್ರ ಗೋಡೆಯ ಮೇಲಿತ್ತು. ಕೈಕಟ್ಟಿ ಮೂಲೆಯಲ್ಲಿ ನಿಂತವರು ಯಾರೂ ಇರಲಿಲ್ಲ, ಬಂದವರೆಲ್ಲ ಕುರ್ಚಿಯಲ್ಲಿ ಕೂತಿದ್ದರು. ಠಾಣೆಯಲ್ಲಿ ಕೂರುವುದು ನನಗೆ ಒಗ್ಗದೆ ಎರಡು ಸಲ ಎದ್ದೆ. ಸರೋಜ ಎರಡು ಸಲವೂ ಅಂಗಿ ಹಿಡಿದು ಕೂರಿಸಿದಳು.

ನೋರಾ ಬಂದಳು. ನಾನು ರಾತ್ರಿಯಿಡೀ ಜೋಡಿಸಿದ್ದ ಇಂಗ್ಲಿಷು ಹಾರಿಹೋಯಿತು.

"ಮೇಡಂ, ನಿನ್ನೆ ಹೇಳಿದ್ದು ಮುಖ. ನೋಡಿದ್ದು ಬೆನ್ನು."

ಅವಳ ನಗು ಹೋಯಿತು. ಒಳಗಿನ ಕೋಣೆಗೆ ಕರೆದುಕೊಂಡು ಹೋದಳು. ಹಾಗಾದರೆ ಮುಖ ನೋಡಿದೆ ಎಂದು ಯಾಕೆ ಹೇಳಿದಿರಿ ಎಂದು ಕೇಳಿದಳು. ಪಂಚ ಅಂದರೇನು ಎಂದು ವಿವರಿಸಲು ಹೊರಟೆ. ನಮ್ಮ ಊರಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಸಾಕ್ಷಿ, ಕಳ್ಳತನ, ಹೊಡೆದಾಟ, ಗಾಂಜಾ, ಎಲ್ಲದಕ್ಕೂ ಎಂದೆ. ನೋರಾ ಪೆನ್ನು ಕೆಳಗಿಟ್ಟಳು. ಇಷ್ಟೊಂದು ಅಪರಾಧಗಳ ಜಾಗದಲ್ಲಿ ನೀವು ಹೇಗೆ ಇದ್ದಿರಿ ಎಂದು ನಿಧಾನವಾಗಿ ಕೇಳಿದಳು. ನನ್ನನ್ನೇ ದೊಡ್ಡ ಕಳ್ಳ ಎಂದುಕೊಂಡಳೆಂದು ನನಗೆ ಬೆವರು ಬಂತು.

ಆಗ ಸರೋಜ ಬಾಯಿ ಹಾಕಿದಳು. ಅವಳ ಇಂಗ್ಲಿಷು ನನ್ನದಕ್ಕಿಂತ ಕಡಿಮೆ, ಆದರೆ ನೇರ. "ಮೇಡಂ, ಹಿ ಸೈನ್ ಎವ್ರಿಥಿಂಗ್. ನೋ ಸೀಯಿಂಗ್. ಮೈ ಮ್ಯಾರೇಜ್ ಆಲ್ಸೋ ಸೇಮ್."

ನೋರಾ ಎಷ್ಟು ತಡೆದುಕೊಂಡರೂ ನಗು ಬಂತು. ಆದರೆ ನಕ್ಕು ಮುಗಿಸಿ ಹೇಳಿದ ಮಾತು ನಗುವಂಥದ್ದಾಗಿರಲಿಲ್ಲ. ಆ ಮನುಷ್ಯನ ಹೆಸರು ಎಡ್ಸನ್, ಪಾಳಿಗೆ ಹೋಗಲು ಬಸ್ ಕಾಯುತ್ತಿದ್ದ. ಮುಖ ನೋಡಿದ ಸಾಕ್ಷಿ ಇದ್ದಾನೆ ಎಂಬ ಕಾರಣಕ್ಕೆ ಮೂರು ಗಂಟೆ ಕೂರಿಸಿ ಕೇಳಿದ್ದರು. ಸಂಜೆ ಮನೆಗೆ ಕಳಿಸಿದ್ದರೂ ವಿಚಾರಣೆ ಮುಗಿದಿರಲಿಲ್ಲ. ತಿಳಿದೂ ಸುಳ್ಳು ಹೇಳಿಕೆ ಕೊಡುವುದು ಇಲ್ಲಿ ಅಪರಾಧ ಎಂದು ಅವಳು ಹೇಳಿದಾಗ, ನಮ್ಮಲ್ಲೂ ಅಪರಾಧವೇ, ಪಟ್ಟಿಯಲ್ಲಿ ಹಳೆಯ ಸೆಕ್ಷನ್ನೂ ಹೊಸ ಸೆಕ್ಷನ್ನೂ ಇದೆ ಎಂದು ನನಗೆ ನೆನಪಾಯಿತು. ನಾವಾಗಿಯೇ ಬಂದು ಹೇಳಿದ್ದಕ್ಕೆ ಅದನ್ನು ಮುಂದುವರಿಸುವುದಿಲ್ಲ ಎಂದಳು. ಎರಡನೆಯ ಹೇಳಿಕೆ ಬರೆದಳು. ಈ ಸಲ ನಾನು ಕನ್ನಡಕ ಹಾಕಿಕೊಂಡು ಪ್ರತಿ ಸಾಲೂ ಓದಿದೆ.

ಎರಡು ದಿನದ ಮೇಲೆ ಎದುರಿನ ಔಷಧದ ಅಂಗಡಿಯ ಕ್ಯಾಮೆರಾದಲ್ಲಿ ಕಳ್ಳ ಸಿಕ್ಕಿದ. ಹಳದಿ ಜಾಕೆಟ್ಟೇ, ಆದರೆ ಬಿಳಿಯ ಮೈಬಣ್ಣ, ಓಡಿದ್ದು ಬಸ್ ನಿಲ್ದಾಣದ ವಿರುದ್ಧ ದಿಕ್ಕಿಗೆ. ಪ್ಯಾಟ್‌ಗೂ ಅವನು ಗುರುತಿನವನೇ.

ಎಡ್ಸನ್

ಕ್ಷಮೆ ಕೇಳಬೇಕು ಎಂದು ನೋರಾಳಿಗೆ ಹೇಳಿದ್ದೆ. ಅವಳು ವಿಳಾಸ ಕೊಡಲಿಲ್ಲ. ಅವನಿಗೆ ಇಷ್ಟವಿದೆಯೇ ಎಂದು ಕೇಳುತ್ತೇನೆ ಎಂದಳು. ಕ್ಷಮೆ ಕೇಳುವುದಕ್ಕೂ ಎದುರಿನವನ ಒಪ್ಪಿಗೆ ಬೇಕು ಎನ್ನುವುದು ನನಗೆ ಹೊಸದು. ಒಂದು ವಾರದ ಮೇಲೆ ಅವನು ಒಪ್ಪಿದ. ಚರ್ಚಿನ ಪಕ್ಕದ ಒಂದು ಸಣ್ಣ ಹೋಟೆಲಿನಲ್ಲಿ ಕೂತೆವು, ಅವನು ಒಂದು ಕಡೆ, ನಾನೂ ಸರೋಜಳೂ ಇನ್ನೊಂದು ಕಡೆ.

ನಾನು ಸಾರಿ ಎಂದೆ. ಅವನು ತಲೆಯಾಡಿಸಲಿಲ್ಲ.

"ನೀನು ನೋಡಿದ್ದು ಜಾಕೆಟ್ಟು" ಎಂದ. ಅವನ ಇಂಗ್ಲಿಷು ನನ್ನಷ್ಟೇ ಇತ್ತು, ಆದ್ದರಿಂದ ಚೆನ್ನಾಗಿ ತಿಳಿಯಿತು.

"ಹೌದು."

"ಎಲ್ಲರೂ ಜಾಕೆಟ್ಟೇ ನೋಡುತ್ತಾರೆ."

ಹೋಟೆಲಿನವರು ಕಾಫಿ ತಂದಿಟ್ಟರು. ಎಡ್ಸನ್ ಒಂದು ಗುಟುಕು ಕುಡಿದು ಮುಖ ಕಿವುಚಿದ. ನಾನೂ ಕುಡಿದು ಮುಖ ಕಿವುಚಿದೆ. ಅದೇ ಹೊತ್ತಿಗೆ ಒಬ್ಬರನ್ನೊಬ್ಬರು ನೋಡಿದೆವು. ಅವನ ತಂದೆ ಬ್ರೆಜಿಲ್ಲಿನ ಗುಡ್ಡಗಳಲ್ಲಿ ಕಾಫಿ ಬೆಳೆಯುತ್ತಾರಂತೆ. ನಮ್ಮ ಊರೂ ಕಾಫಿಯದೇ ಎಂದಾಗ ಅವನು ಮೊದಲ ಸಲ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡ. ಹಣ್ಣು ಹೇಗೆ ಕುಯ್ಯುತ್ತೀರಿ ಎಂದು ಕೈಯಲ್ಲೇ ಕೇಳಿದ. ನಾವು ಒಂದೊಂದೇ ಬಿಡಿಸುತ್ತೇವೆ ಎಂದು ನಾನು ಗಾಳಿಯಲ್ಲಿ ತೋರಿಸಿದೆ. ಅವರು ರೆಂಬೆಗೆ ಕೈಹಾಕಿ ಒಂದೇ ಸಲ ಎಳೆದುಬಿಡುತ್ತಾರೆ. ಅವನು ಎಳೆದ ರಭಸಕ್ಕೆ ಮೇಜಿನ ಮೇಲಿನ ಸಕ್ಕರೆ ಬಿತ್ತು.

ಸರೋಜ ಚೀಲದಿಂದ ಫ್ಲಾಸ್ಕ್ ತೆಗೆದಳು. ಮನೆಯ ಡಿಕಾಕ್ಷನ್, ಬಿಸಿ ಹಾಲು. ಹೋಟೆಲಿನವಳು ನೋಡದ ಹಾಗೆ ಎಡ್ಸನ್ನನ ಲೋಟಕ್ಕೆ ಬಗ್ಗಿಸಿದಳು. ಅವನು ಕಣ್ಣು ಮುಚ್ಚಿ ಕುಡಿದ. ಆಮೇಲೆ ಒಂದು ಕಣ್ಣು ತೆರೆದು ನಮ್ಮನ್ನು ನೋಡಿದ.

"ಇದರಲ್ಲಿ ಕಾಫಿ ಅಲ್ಲದ್ದು ಏನೋ ಇದೆ."

"ಚಿಕೋರಿ" ಎಂದು ಒಪ್ಪಿಕೊಂಡೆ. ತಪ್ಪೊಪ್ಪಿಗೆ ಅಷ್ಟು ಬೇಗ ನಾನು ಎಂದೂ ಕೊಟ್ಟಿರಲಿಲ್ಲ. ಅವನು ಗಟ್ಟಿಯಾಗಿ ನಕ್ಕು, ಇದು ಡ್ರಿಲ್ಲಿಂಗ್ ಮೆಷಿನ್ನಿಗಿಂತ ದೊಡ್ಡ ಅಪರಾಧ ಎಂದ. ಎದ್ದು ಹೋಗುವಾಗ ಕೈಕುಲುಕಿದ. ಕ್ಷಮಿಸಿದ್ದೇನೆ ಎಂದು ಮಾತ್ರ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮತ್ತೆ ಊರು

ಬಂದು ಹದಿನೈದು ದಿನಕ್ಕೆ ಮೊಬೈಲಿಗೇ ಸಮನ್ಸ್ ಬಂತು. ಈಗ ಹಾಗೇ ಬರುತ್ತದೆ. ಬಿನೋದನ ಕೇಸಿನಲ್ಲಿ ಪಂಚ ಸಾಕ್ಷಿ. ಕೋರ್ಟಿಗೆ ಹಾಜರಾಗುವ ಹಿಂದಿನ ಸಂಜೆ ತಿಮ್ಮಪ್ಪನವರು ರಸ್ತೆ ದಾಟಿ ಬಂದರು.

"ನಾಗೇಶಣ್ಣ, ಮಹಜರು ಒಂದ್ಸಲ ಓದ್ಕೊಂಬಿಡಿ. ಮಂಚದ ಕೆಳಗೆ, ನೆನಪಿರ್ಲಿ."

"ನಾನು ಮಂಚ ನೋಡಿಲ್ವಲ್ಲ ತಿಮ್ಮಪ್ಪನವ್ರೇ."

"ಯಾರು ನೋಡಿದಾರೆ?" ಎಂದು ನಕ್ಕು ಹೋದರು.

ಮಾರನೆಯ ದಿನ ಕೋರ್ಟಿನಲ್ಲಿ ನನ್ನ ಹೆಸರನ್ನು ಮೂರು ಸಲ ಕೂಗಿದರು. ಬಿನೋದ ಆರೋಪಿಯ ಕಟಕಟೆಯಲ್ಲಿದ್ದ, ಜೆರಾಕ್ಸಿನಲ್ಲಿ ನೋಡಿದ್ದಕ್ಕಿಂತ ತೆಳ್ಳಗೆ. ಸರ್ಕಾರಿ ವಕೀಲರು ಮಹಜರು ತೋರಿಸಿದರು.

"ಈ ಸಹಿ ನಿಮ್ಮದೇ?"

"ನನ್ನದೇ."

"ನಿಮ್ಮ ಸಮಕ್ಷಮ ಮೆಣಸಿನ ಮೂಟೆ ಜಪ್ತಾಯಿತು?"

ನಾಲಿಗೆ "ಹೌದು" ಎನ್ನಲು ತಯಾರಾಗಿಯೇ ಇತ್ತು. ಕಷ್ಟಪಟ್ಟು ತಿರುಗಿಸಿದೆ. "ಇಲ್ಲ ಸಾರ್. ನಾನು ಅಂಗಡಿಯಲ್ಲಿದ್ದೆ."

ವಕೀಲರು ಚಕಿತರಾಗಲಿಲ್ಲ, ಬೇಸರಗೊಂಡರು. ನನ್ನನ್ನು ಪ್ರತಿಕೂಲ ಸಾಕ್ಷಿ ಎಂದು ಪರಿಗಣಿಸಬೇಕೆಂದು ಕೇಳಿಕೊಂಡರು. ಆರೋಪಿಯ ಜೊತೆ ಸೇರಿಕೊಂಡು ಸುಳ್ಳು ಹೇಳುತ್ತಿದ್ದೀರಿ ಎಂದರೆ ಏನು ಹೇಳುತ್ತೀರಿ ಎಂದರು. ಇಪ್ಪತ್ತೆರಡು ವರ್ಷ ನೋಡದ್ದನ್ನು ನೋಡಿದೆ ಎಂದಾಗ ಯಾರೂ ಹೀಗೆ ಕೇಳಿರಲಿಲ್ಲ. ನಿಜ ಹೇಳಿದ ಒಂದೇ ದಿನಕ್ಕೆ ನಾನು ಸುಳ್ಳುಗಾರನಾದೆ. ಸರಿಯಲ್ಲ ಎಂದೆ. ಮ್ಯಾಜಿಸ್ಟ್ರೇಟರು ಕನ್ನಡಕದ ಮೇಲಿನಿಂದ ನೋಡಿದರು.

"ಹಾಗಾದರೆ ಸಹಿ ಯಾಕೆ ಹಾಕಿದಿರಿ?"

"ಕೇಳಿದರು ಸ್ವಾಮಿ, ಹಾಕಿದೆ."

"ಯಾರು ಕೇಳಿದರೂ ಹಾಕುತ್ತೀರಾ?"

"ಹಾಕುತ್ತಿದ್ದೆ ಸ್ವಾಮಿ. ಈಗ ಬಿಟ್ಟಿದ್ದೇನೆ."

ಅವರು ಅದನ್ನೂ ಬರೆಸಿದರು. ನನ್ನ ಹೇಳಿಕೆಯನ್ನು ಸಹಿಗೆ ಕೊಟ್ಟಾಗ ನಾನು ನಿಂತೇ ಪೂರ್ತಿ ಓದಿದೆ. ಕೋರ್ಟೆಲ್ಲ ಕಾಯಿತು.

ಆ ಕೇಸಿನಲ್ಲಿ ಬಿನೋದನಿಗೆ ಬಿಡುಗಡೆಯಾಯಿತು. ಮೆಣಸನ್ನು ಅವನು ಕದ್ದಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ಕೋರ್ಟಿನಲ್ಲಿ ನಾನು ಹೇಳಿದ್ದೂ ಅಷ್ಟೇ.

ತಿಮ್ಮಪ್ಪನವರು ಒಂದು ತಿಂಗಳು ಜೆರಾಕ್ಸನ್ನು ಬೇರೆ ಅಂಗಡಿಯಲ್ಲಿ ಮಾಡಿಸಿದರು. ಜುಲೈ ತಿಂಗಳ ಒಂದು ಬೆಳಿಗ್ಗೆ, ಗಾಳಿ ಮಳೆಯ ನಡುವೆ, ಜೀಪು ಅಂಗಡಿಯ ಮುಂದೆ ನಿಂತಿತು, ತಿಮ್ಮಪ್ಪನವರು ತಲೆ ಹೊರಗೆ ಹಾಕಿದರು. "ಕಾಫಿ ಮೂಟೆ ಕದ್ದು ಹಳ್ಳದ ಹತ್ರ ಬಚ್ಚಿಟ್ಟಿದಾರಂತೆ. ಪಂಚರು ಯಾರೂ ಬರ್ತಿಲ್ಲ. ಈಗೆಲ್ಲ ವಿಡಿಯೋ ಬೇರೆ ಮಾಡ್ಬೇಕು. ಸುಮ್ನೆ ಸಹಿ ಹಾಕೋದು ಬಿಟ್ಟಿದೀನಿ ಅಂದ್ರಲ್ಲ ಕೋರ್ಟಲ್ಲಿ, ನೋಡೇ ಹಾಕಿ, ಹತ್ತಿ ಮತ್ತೆ."

ಜೀಪು ಅರ್ಧ ದಾರಿ ಹೋಯಿತು, ಉಳಿದರ್ಧ ನಾವು ಹೋದೆವು. ಜೊತೆಗೆ ಇನ್ನೊಬ್ಬ ಪಂಚನಾಗಿ ಗ್ಯಾರೇಜಿನ ರಫೀಕ್ ಇದ್ದ, ಉದ್ದಕ್ಕೂ ನನಗೇ ಬೈಯುತ್ತಾ. ಇಪ್ಪತ್ತೆರಡು ವರ್ಷದಲ್ಲಿ ಇದು ನಾನು ಕಣ್ಣಾರೆ ನೋಡಿದ ಮೊದಲ ಜಪ್ತಿ. ಪಂಚರು ಅಂಗಡಿಯಲ್ಲೇ ಸಹಿ ಹಾಕುವುದು ಯಾಕೆಂದು ಅಲ್ಲಿ ಗೊತ್ತಾಯಿತು. ಎರಡು ಕಾಲಿಗೂ ಉಂಬಳ ಹತ್ತಿ ರಕ್ತ ಹೀರುತ್ತಿದ್ದವು. ತಿಮ್ಮಪ್ಪನವರ ಮೊಬೈಲಿನಲ್ಲಿ ರಫೀಕನ ಕೊಡೆ ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಕೊನೆಗೆ ಕೊಡೆ ಮಡಿಸಿ ಮೂವರೂ ನೆನೆದೆವು. ಬಂಡೆಯ ಮೇಲೆ ಪ್ಲಾಸ್ಟಿಕ್ ಹಾಳೆಯ ಮರೆಯಲ್ಲಿ ಅವರು ಮಹಜರು ಬರೆದು ನನ್ನ ಕೈಗಿಟ್ಟರು.

ಓದಿದೆ. "ನಾಲ್ಕು ಮೂಟೆ ಅಂತ ಬರೆದಿದೀರಿ. ಇರೋದು ಮೂರು."

"ಎಸ್ಟೇಟಿನವ್ರು ನಾಲ್ಕು ಕಳುವಾಗಿದೆ ಅಂದಿದಾರೆ ಮಾರಾಯ್ರೆ."

"ಕಳುವಾಗಿರ್ಬಹುದು. ಇಲ್ಲಿರೋದು ಮೂರು."

ತಿಮ್ಮಪ್ಪನವರು ಮಳೆ ನೋಡಿದರು, ನನ್ನನ್ನು ನೋಡಿದರು, ಮೂಟೆಗಳ ಹತ್ತಿರ ಹೋಗಿ ಒಂದೊಂದನ್ನೇ ಮುಟ್ಟಿ ಎಣಿಸಿದರು. ಆಮೇಲೆ ವಾಪಸ್ ಬಂದು "ನಾಲ್ಕು" ಎಂಬುದನ್ನು ಹೊಡೆದುಹಾಕಿ "ಮೂರು" ಎಂದು ಬರೆದರು. ತಿದ್ದಿದ ಜಾಗದಲ್ಲಿ ಮೊದಲು ಅವರು ಸಹಿ ಹಾಕಿದರು, ಆಮೇಲೆ ನಾನು.